ಮೇಲ್ ಒಳಗೆ ಬರ್ತಿದೆ, ಹೊರಗೆ ಹೋಗ್ತಿಲ್ಲ: ಪೋಸ್ಟ್‌ಫಿಕ್ಸಲ್ಲಿ ಕನೆಕ್ಷನ್ ಟೈಮ್ಡ್ ಔಟ್

ತುಂಗಾತೀರ:
ಎಲ್ರಿಗೂ ನಮಸ್ಕಾರ. ನಮ್ಮೂರ ಸಹಕಾರ ಸಂಘದ ಮೇಲ್ ಸರ್ವರ್ ನಾನೇ ನೋಡ್ಕೋತೀನಿ, ಉಬುಂಟು ಮೇಲೆ ಪೋಸ್ಟ್‌ಫಿಕ್ಸು (ಮೇಲ್ ಕಳ್ಸೋ, ತಗೊಳ್ಳೋ ಸಾಫ್ಟ್‌ವೇರು), ಡವ್‌ಕಾಟು (ಬಂದ ಮೇಲ್ ಓದೋಕೆ ಕೊಡೋದು). ಮೊನ್ನೆ ಆಫೀಸಿನ ಹಳೇ ಮಷೀನಿಂದ ಬಾಡಿಗೆ ವಿಪಿಎಸ್‌ಗೆ (ಹೋಸ್ಟಿಂಗ್ ಕಂಪನಿಯ ವರ್ಚುವಲ್ ಸರ್ವರ್) ಎತ್ತಾಕಿದ್ವಿ, ಕಾನ್ಫಿಗ್ ಎಲ್ಲಾ ಅದೇ. ಹೊರಗಿಂದ ಬರೋ ಮೇಲ್ ಬೀಳ್ತಿದೆ, ಆಫೀಸೊಳಗೆ ಒಬ್ರಿಗೊಬ್ರು ಕಳ್ಸಿದ್ರೂ ಹೋಗುತ್ತೆ, ಆದ್ರೆ ಜಿಮೇಲ್, ಯಾಹೂ ಯಾವುದಕ್ಕೂ ಹೋಗ್ತಿಲ್ಲ, ಲಾಗ್ ತೆಗೆದ್ರೆ ಬರೀ ಡಿಫರ್ಡ್ (ಮುಂದೂಡಿದೆ), ಕನೆಕ್ಷನ್ ಟೈಮ್ಡ್ ಔಟ್. ಫೈರ್‌ವಾಲ್ ಆಫ್ ಮಾಡಿದ್ರೂ ಅಷ್ಟೇ. ಸದಸ್ಯರಿಗೆ ಮಹಾಸಭೆ ನೋಟಿಸ್ ಹೋಗ್ಬೇಕು, ಕ್ಯೂನಲ್ಲಿ ಕೂತಿರೋದು ಕಳೆದುಹೋಗುತ್ತಾ?

ಸರ್ವರ್‌ಮನೆ:
ಕಳೆದುಹೋಗಲ್ಲ, ಗಾಬರಿಗೆ ಕ್ಯೂ ಡಿಲೀಟ್ ಮಾತ್ರ ಮಾಡ್ಬೇಡಿ. ಡಿಫಾಲ್ಟಾಗಿ ಪೋಸ್ಟ್‌ಫಿಕ್ಸ್ 5 ದಿನ ಇಟ್ಕೊಂಡು ಮತ್ತೆ ಮತ್ತೆ ಟ್ರೈ ಮಾಡ್ತಿರುತ್ತೆ, ಆಮೇಲೇನೇ ಬೌನ್ಸು, ಅಂದ್ರೆ ಕಳ್ಸಿದವ್ರಿಗೆ ವಾಪಸ್. ಸಭೆ ಹತ್ರ ಇದ್ರೆ ಆ ಅವಧಿ ಜಾಸ್ತಿ ಮಾಡ್ಕೊಳ್ಳಿ, ಮ್ಯಾಕ್ಸಿಮಲ್ ಕ್ಯೂ ಲೈಫ್‌ಟೈಮ್ ಅಂತ ಸೆಟ್ಟಿಂಗ್ ಇದೆ.

ಇನ್ನು ಎರರ್ ವಿಷ್ಯ. ರೆಫ್ಯೂಸ್ಡ್ ಅಂತ ಬಂದಿದ್ರೆ ಸಾಮಾನ್ಯವಾಗಿ ಆ ಕಡೆ ಮಷೀನ್ ತನಕ ಹೋಗಿದೀರ, ಆ ಪೋರ್ಟಲ್ಲಿ ಯಾರೂ ಇಲ್ಲ ಅಂತರ್ಥ. ಟೈಮ್ಡ್ ಔಟ್ ಹಾಗಲ್ಲ, ದಾರೀಲೆಲ್ಲೋ ಪ್ಯಾಕೆಟ್ಟನ್ನ ಸದ್ದಿಲ್ಲದೆ ಬೀಳಿಸ್ತಿದಾರೆ. ನಂಗೆ ಅನುಮಾನ ವಿಪಿಎಸ್ ಕಂಪನಿ ಮೇಲೆ, ಸ್ಪ್ಯಾಮ್ ಕಾಟ ತಡೆಯೋಕೆ ಹೊರಹೋಗೋ ಪೋರ್ಟ್ 25 (ಸರ್ವರ್‌ಗಳು ಒಂದಕ್ಕೊಂದು ಮೇಲ್ ತಲುಪಿಸೋ ಬಾಗಿಲು) ಮುಚ್ಚಿರೋ ಕಡೆಗಳು ಬಹಳ, ಒಳಬರೋ 25 ತೆಗ್ದೇ ಇರುತ್ತೆ, ಅದಕ್ಕೇ ನಿಮ್ಗೆ ಬರೋ ಮೇಲ್ ಬರ್ತಿದೆ. ಸರ್ವರ್ ಒಳಗಿಂದಲೇ ಜಿಮೇಲಿನ ಎಂಎಕ್ಸ್‌ಗೆ (ಅವ್ರ ಮೇಲ್ ತಗೊಳ್ಳೋ ಸರ್ವರ್) ಟೆಲ್ನೆಟ್ ಹೊಡೀರಿ 25ರಲ್ಲಿ, ಕನೆಕ್ಟ್ ಆಗುತ್ತಾ ಅಂತ ಗೊತ್ತಾಗುತ್ತೆ, ಆಮೇಲೆ ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್‌ಗೆ 587ರಲ್ಲಿ, ಎರಡರ ರಿಸಲ್ಟೂ ಹಾಕಿ.

ಕರಾವಳಿ_ಲಿನಕ್ಸ್:
ಐಪಿವಿ6 (ಹೊಸ ಥರದ ಉದ್ದ ಐಪಿ ಅಡ್ರೆಸ್) ಕೂಡ ಒಂದ್ಸಲ ನೋಡಿ. ಲಾಗಲ್ಲಿರೋ ಅಡ್ರೆಸ್ಸೆಲ್ಲ ಕೋಲನ್ ಇರೋ ಉದ್ದದ್ದೇ ಆಗಿದ್ರೆ ಪೋಸ್ಟ್‌ಫಿಕ್ಸಿನ ಐನೆಟ್ ಪ್ರೋಟೋಕಾಲ್ಸ್ ಸೆಟ್ಟಿಂಗನ್ನ ಐಪಿವಿ4 ಅಂತ ಮಾಡಿ. ರೀಲೋಡ್ ಸಾಕಾಗಲ್ಲ, ನಿಲ್ಸಿ ಮತ್ತೆ ಶುರು ಮಾಡ್ಬೇಕು.

ತುಂಗಾತೀರ:
ಎರಡು ಥರದ ಅಡ್ರೆಸ್ಸೂ ಇದೆ, ಎರಡೂ ಟೈಮ್ಡ್ ಔಟ್. ಟೆಲ್ನೆಟ್ 25ಕ್ಕೆ ಟ್ರೈಯಿಂಗ್ ಅಂತ ನಿಂತೇ ಬಿಡುತ್ತೆ, 587ಕ್ಕೆ ತಕ್ಷಣ 220 (ಸಿದ್ಧ) ಅಂತ ಉತ್ತರ ಬಂತು. ಹಾಗಾದ್ರೆ ಎಲ್ಲಾ ಮೇಲೂ 587ರಲ್ಲೇ ಕಳ್ಸು ಅಂದ್ರೆ ಆಗಲ್ವಾ ಸರ್?

ಸರ್ವರ್‌ಮನೆ:
ಆಗಲ್ಲ. 587 ಇರೋದು ಅಕೌಂಟ್ ಇರೋರು ಲಾಗಿನ್ ಆಗಿ ಮೇಲ್ ಒಪ್ಪಿಸೋಕೆ. ಒಂದು ಸರ್ವರ್ ಇನ್ನೊಂದಕ್ಕೆ ತಲುಪಿಸೋದು 25ರಲ್ಲೇ, ಎಂಎಕ್ಸ್ ಕೇಳ್ತಿರೋದೂ ಅಲ್ಲೇ.

ಕಂಪನಿಗೆ ಟಿಕೆಟ್ ಹಾಕಿ 25 ತೆಗೆಸ್ಕೊಳ್ಳಿ, ಅದೇ ಟಿಕೆಟ್ಟಲ್ಲಿ ಹೊಸ ಐಪಿಗೆ ಪಿಟಿಆರ್ ರೆಕಾರ್ಡೂ (ಐಪಿಯಿಂದ ಸರ್ವರ್ ಹೆಸ್ರು ಹೇಳೋ ರಿವರ್ಸ್ ಡಿಎನ್ಎಸ್) ಕೇಳಿ, 2024ರ ಫೆಬ್ರವರಿಯಿಂದ ಜಿಮೇಲ್ ರಿವರ್ಸ್ ಡಿಎನ್ಎಸ್ ಸರಿ ಇರ್ಲೇಬೇಕು ಅಂತಿದೆ. ಅವ್ರು ಒಪ್ಪದಿದ್ರೆ ಒಂದು ಎಸ್‌ಎಂಟಿಪಿ ರಿಲೇ ಸರ್ವಿಸ್ (ನಿಮ್ಮ ಪರವಾಗಿ ಮೇಲ್ ತಲುಪಿಸೋದು) ತಗೊಂಡು ಪೋಸ್ಟ್‌ಫಿಕ್ಸಿನ ರಿಲೇಹೋಸ್ಟ್ ಸೆಟ್ಟಿಂಗಲ್ಲಿ ಅದರ ಹೆಸ್ರು, 587 ಕೊಡಿ, ಯೂಸರ್‌ನೇಮ್ ಪಾಸ್‌ವರ್ಡ್ ಎಸ್‌ಎಂಟಿಪಿ ಎಸ್‌ಎಎಸ್‌ಎಲ್ ಪಾಸ್‌ವರ್ಡ್ ಮ್ಯಾಪ್ಸಲ್ಲಿ ಕೊಡಿ. ಹೋಸ್ಟ್ ಹೆಸ್ರು ಚೌಕ ಬ್ರಾಕೆಟ್ ಒಳಗಿರ್ಲಿ, ಇಲ್ಲಾಂದ್ರೆ ಪೋಸ್ಟ್‌ಫಿಕ್ಸ್ ಅದರ ಎಂಎಕ್ಸ್ ಹುಡುಕ್ಕೊಂಡು ಹೋಗುತ್ತೆ. ನೋಟಿಸ್ ಅರ್ಜೆಂಟಾದ್ರೆ ನಾನಂತೂ ಈಗ್ಲೇ ರಿಲೇ ಹಾಕ್ಕೊಳ್ಳಿ ಅಂತೀನಿ, ಟಿಕೆಟ್ಟಿಗೆ ಕಾಯೋದ್ಬೇಡ.

ಕರಾವಳಿ_ಲಿನಕ್ಸ್:
ಎಸ್‌ಪಿಎಫ್ (ನಿಮ್ಮ ಡೊಮೇನ್ ಹೆಸ್ರಲ್ಲಿ ಯಾವ ಸರ್ವರ್ ಮೇಲ್ ಕಳ್ಸಬಹುದು ಅನ್ನೋ ಡಿಎನ್ಎಸ್ ರೆಕಾರ್ಡ್) ಮರೀಬೇಡಿ, ಅದ್ರಲ್ಲಿ ಇನ್ನೂ ಹಳೇ ಐಪಿನೇ ಇರುತ್ತೆ. ರಿಲೇ ಆದ್ರೆ ರಿಲೇಯವ್ರು ಹೇಳಿದ ಇನ್‌ಕ್ಲೂಡ್ ಸೇರ್ಸಿ. ಕ್ಯೂನಲ್ಲಿರೋದೆಲ್ಲಾ ಒಟ್ಟಿಗೆ ಫ್ಲಶ್ ಮಾಡೋ (ಮತ್ತೆ ಕಳ್ಸೋ) ಮುಂಚೆ ಪೋಸ್ಟ್‌ಕ್ಯೂ ಕಮಾಂಡಿಗೆ ಮೈನಸ್ ಐ ಜೊತೆ ಒಂದೇ ಕ್ಯೂ ಐಡಿ ಕೊಟ್ಟು ನೋಡಿ, ಲಾಗಲ್ಲಿ ಸೆಂಟ್ ಅಂತ ಬಂದು ಜಿಮೇಲಿನ ಇನ್‌ಬಾಕ್ಸಲ್ಲೇ ಬಿದ್ದಿದ್ರೆ ಮಿಕ್ಕಿದ್ದನ್ನ ಬಿಡಿ.