‘ಅನಿಸುವ ತಡ’, ‘ಹಂದರ’, ‘ಉದ್ರಿ’: ಈ ಪದಗಳು ನಡೆಯುತ್ತವೆಯೇ?

ಗೆಳೆಯರೇ,

ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಗಳಿಗಾಗಿ ಒಂದು ವೆಬ್ ಆ್ಯಪ್ ಮಾಡುತ್ತಿದ್ದೇನೆ. ಗೋದಾಮಿನಲ್ಲಿ ಎಷ್ಟು ಮಾಲಿದೆ, ಯಾರಿಗೆ ಎಷ್ಟು ಬಾಕ್ಸ್ ಹೋಯಿತು, ಅಷ್ಟೇ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯಲು ಕೂತೆ. ‘ಪರ್ಸೀವ್ಡ್ ಲೋಡಿಂಗ್ ಟೈಮ್’, ಅಂದರೆ ಪುಟ ತೆರೆಯಲು ಎಷ್ಟು ಹೊತ್ತಾಯಿತು ಎಂದು ಬಳಸುವವರಿಗೆ ಅನಿಸುವುದು, ಬಂದ ಕಡೆ ಪೆನ್ನು ನಿಂತಿತು. ಜೊತೆಗಾರರೊಬ್ಬರು ‘ಗ್ರಹಿತ ಲೋಡಿಂಗ್ ಸಮಯ’ ಅಂದರು. ಓದಿದರೆ ಗ್ರಹಣ ಹಿಡಿದ ಹಾಗಿದೆ, ಅಲ್ವಾ? ಅದೂ ಅಲ್ಲದೆ ನಮ್ಮ ವ್ಯಾಪಾರಿಗಳಿಗೆ ಲೋಡಿಂಗ್ ಅಂದರೆ ಲಾರಿಯೇ ನೆನಪಾಗುವುದು.

ನನಗೆ ಹೊಳೆದದ್ದು ‘ಅನಿಸುವ ತಡ’. ಗಡಿಯಾರ ತೋರಿಸುವುದು ‘ಆಗುವ ತಡ’. ಈ ಎರಡರ ನಡುವಿನ ವ್ಯತ್ಯಾಸವನ್ನು ಕಣ್ಣಾರೆ ಕಂಡೆ. ಹಿರಿಯ ವ್ಯಾಪಾರಿಯೊಬ್ಬರು ಒಂದು ಗುಂಡಿ ಒತ್ತಿದರು. ನಾಲ್ಕು ಸೆಕೆಂಡ್ ಬರೀ ಬಿಳಿ ತೆರೆ. ಮತ್ತೆ ಒತ್ತಿದರು, ಇನ್ನೊಮ್ಮೆ ಒತ್ತಿದರು. ಒಂದೇ ಮಾಲು ಮೂರು ಸಲ ದಾಖಲಾಯಿತು! ತಪ್ಪು ನನ್ನದೇ. ಮರುವಾರ ಮಾಹಿತಿ ಕಳಿಸುವ ಸರ್ವರ್ ಮುಟ್ಟಲಿಲ್ಲ. ಒತ್ತಿದ ಗುಂಡಿ ಮಸುಕಾಗುವಂತೆ, ಪಟ್ಟಿ ಬರುವ ಜಾಗದಲ್ಲಿ ಬೂದು ಗೆರೆಗಳು ಮೊದಲೇ ಮೂಡುವಂತೆ ಮಾಡಿದೆ. ಅವರು “ಈಗ ಜಲ್ದಿ ಬರಾಕತ್ತೈತಿ ನೋಡ್ರಿ” ಅಂದರು. ಗಡಿಯಾರದಲ್ಲಿ ಅದೇ ನಾಲ್ಕು ಸೆಕೆಂಡ್.

ಬಳಕೆ ಸುಲಭವಾಗಿರಬೇಕೆಂದು ಅಧ್ಯಯನ ಮಾಡಿದ ತಜ್ಞ ಜೇಕಬ್ ನೀಲ್ಸನ್ 1993ರಲ್ಲಿ ಕೊಟ್ಟ ಅಳತೆ ಈಗಲೂ ಚಾಲ್ತಿಯಲ್ಲಿದೆ. 0.1 ಸೆಕೆಂಡ್ ಒಳಗಾದರೆ ತಕ್ಷಣ ಆದಂತೆ ಅನಿಸುತ್ತದೆ. 1 ಸೆಕೆಂಡ್ ತನಕ ಯೋಚನೆಯ ಎಳೆ ಕಡಿಯುವುದಿಲ್ಲ. 10 ದಾಟಿದರೆ ಗಮನ ಬೇರೆ ಕಡೆ ಹೋಗುತ್ತದೆ.

ಆ ಬೂದು ಗೆರೆಗಳಿಗೆ ‘ಸ್ಕೆಲಿಟನ್ ಸ್ಕ್ರೀನ್’ ಎಂಬ ಹೆಸರನ್ನು 2013ರಲ್ಲಿ ಕೊಟ್ಟವರು ವಿನ್ಯಾಸಕ ಲ್ಯೂಕ್ ರೊಬ್ಲೆವ್ಸ್ಕಿ. ‘ಅಸ್ಥಿಪಂಜರ ತೆರೆ’ ಅಂದರೆ ಮಕ್ಕಳು ಹೆದರುತ್ತಾರೆ. ನಾನು ‘ಹಂದರ’ ಅನ್ನುತ್ತೇನೆ. ‘ಎಲುಬಿನ ಹಂದರ’ ಅನ್ನುವಾಗ ಮೂಲದ ಅರ್ಥವೂ ಸಿಕ್ಕಿತು. ಮದುವೆಗೆ ಬೀಗರು ಬರುವ ಮೊದಲು ಹಾಕುವುದೂ ಹಂದರವೇ. ತಿಕೋಟಾ ಕಡೆ ದ್ರಾಕ್ಷಿ ಬಳ್ಳಿ ಹಬ್ಬುವ ಮುಂಚೆ ಕಂಬ ನೆಟ್ಟು ತಂತಿ ಎಳೆಯುತ್ತಾರಲ್ಲ, ಹಾಗೆ. ಒಂದೇ ಎಚ್ಚರ: ಹಂದರ ಒಂದು ಕಡೆ, ಊಟದ ಪಂಕ್ತಿ ಇನ್ನೊಂದು ಕಡೆ ಆಗಬಾರದು. ನಿಜವಾದ ಪಟ್ಟಿ ಬಂದಾಗ ಪುಟ ಜಿಗಿದರೆ ಬಿಳಿ ತೆರೆಗಿಂತ ಜಾಸ್ತಿ ಸಿಟ್ಟು ಬರುತ್ತದೆ.

‘ಬರಾಕತ್ತೈತಿ’ ಕೂಡ ನನ್ನನ್ನು ಬಿಟ್ಟಿಲ್ಲ. ಅದು ‘ಬರಾಕ ಹತ್ತೈತಿ’. ಈ ‘ಹತ್ತು’ ಅಂದರೆ ತೊಡಗು. ‘ದಯವಿಟ್ಟು ಕಾಯಿರಿ’ ಎಂಬುದು ಕೆಲಸವನ್ನು ನಮ್ಮ ತಲೆಗೆ ಹಾಕುತ್ತದೆ. ‘ಬರಾಕತ್ತೈತಿ’ ಆ ಕಡೆ ಕೆಲಸ ಶುರುವಾಗಿದೆ ಅನ್ನುತ್ತದೆ. ತೆರೆಯ ಮೇಲೆ ಹೀಗೇ ಬರೆದರೆ ಮೈಸೂರಿನವರು ನಗುತ್ತಾರಾ?

ಇನ್ನೊಂದು, ‘ಆಪ್ಟಿಮಿಸ್ಟಿಕ್ ಯುಐ’ (ಯುಐ ಅಂದರೆ ಬಳಸುವವರಿಗೆ ಕಾಣುವ ತೆರೆ). ಸರ್ವರ್ ಹೂಂ ಅನ್ನುವ ಮೊದಲೇ ‘ಉಳಿಸಲಾಗಿದೆ’ ಎಂದು ತೋರಿಸಿಬಿಡುವುದು. ಸರ್ವರ್ ಒಪ್ಪದಿದ್ದರೆ ತೋರಿಸಿದ್ದನ್ನು ವಾಪಸ್ ತೆಗೆಯಬೇಕು. ಇದನ್ನು ‘ಉದ್ರಿ ತೋರಿಕೆ’ ಅಂದರೆ? ವ್ಯಾಪಾರಿಗಳಿಗೆ ಥಟ್ಟನೆ ತಿಳಿಯುತ್ತದೆ. ಆದರೆ ‘ಇಂದು ನಗದು, ನಾಳೆ ಉದ್ರಿ’ ಬೋರ್ಡ್ ಹಾಕಿದ ಅಂಗಡಿಯವರೇ ಅವರು, ಅನುಮಾನ ಪಟ್ಟಾರು.

ಮುಖ್ಯ ತೊಡಕು ‘ತಡ’ದ್ದೇ. ‘ಒತ್ತಿದ್ದೇ ತಡ, ಬಂತು’ ಅನ್ನುವಾಗ ತಡವೇ ಇಲ್ಲ ಎಂಬ ಅರ್ಥ. ಹಾಗಾಗಿ ‘ಅನಿಸುವ ತಡ’ ಓದಿದವರಿಗೆ ‘ಅನಿಸಿದ ಕೂಡಲೇ’ ಎಂದು ಕೇಳಿಸುತ್ತದೆಯೇ? ಹಾಗಿದ್ದರೆ ‘ಅನಿಸುವ ಹೊತ್ತು’ ಮೇಲೋ?