ಊರಿನ ‘ವಾಕುನ’ಕ್ಕೆ ಲಾಂಛನ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಫಿನ್ಲೆಂಡಿನ ಉತ್ತರ ತುದಿಯ ಇನಾರಿ ಬಗ್ಗೆ ಬರೆಯುತ್ತಿದ್ದೇನೆ, ಅದರ ಗುರಾಣಿಯ ಗುರುತಿಗೆ ಸರಿಯಾದ ಕನ್ನಡ ಪದ ಹುಡುಕುತ್ತಿದ್ದೇನೆ. ವಿಸ್ತಾರದಲ್ಲಿ ಆ ದೇಶದ ಅತಿ ದೊಡ್ಡ ಸ್ಥಳೀಯಾಡಳಿತ ಅದು, 17,000 ಚದರ ಕಿ.ಮೀ.ಗೂ ಜಾಸ್ತಿ. ಜನ ಮಾತ್ರ 7,000ದ ಆಸುಪಾಸು. ಅದರ ಅಧಿಕೃತ ಗುರುತು ಎಷ್ಟು ಚೆಂದ ಗೊತ್ತಾ! ಕಪ್ಪು ಗುರಾಣಿ, ಅದರಲ್ಲೊಂದು ಬೆಳ್ಳಿ ಮೀನು, ಮೀನಿನ ತಲೆಗೆ ಹಿಮಸಾರಂಗದ ಚಿನ್ನದ ಕೊಂಬು. ಅಲ್ಲಿಯ ಸಾಮಿ ಜನ ಇನಾರಿ ಸರೋವರದ ಮೀನನ್ನೂ ಹಿಮಸಾರಂಗದ ಹಿಂಡನ್ನೂ ನಂಬಿ ಬಾಳಿದವರು. ಎರಡು ಕಸುಬೂ ಒಂದೇ ಪ್ರಾಣಿಯಲ್ಲಿ ಬಂದುಬಿಟ್ಟಿವೆ.

ಫಿನ್ನಿಶ್ ಭಾಷೆಯಲ್ಲಿ ಇಂಥದ್ದಕ್ಕೆ ‘ವಾಕುನ’ ಅನ್ನುತ್ತಾರೆ. ಕನ್ನಡದಲ್ಲಿ ಥಟ್ಟನೆ ಹೊಳೆಯುವುದು ‘ಲಾಂಛನ’. ಒಳ್ಳೆಯ ಹಳೆಯ ಪದ. ಚಾಲುಕ್ಯರದು ವರಾಹಲಾಂಛನ. ಸವದತ್ತಿಯ ರಟ್ಟ ಅರಸರ ಶಾಸನಗಳಲ್ಲಿ ಸಿಂಧೂರ ಲಾಂಛನವೇ ಬೇರೆ, ಸುವರ್ಣಗರುಡ ಧ್ವಜವೇ ಬೇರೆ. ಅಂದರೆ ಬಾವುಟದ ಗುರುತಿಗೂ ಇದಕ್ಕೂ ಆಗಲೇ ವ್ಯತ್ಯಾಸ ಇತ್ತು. ಆದರೆ ಈಗ ಸಮ್ಮೇಳನಕ್ಕೂ ಲಾಂಛನ, ಕಂಪನಿಯ ಲೋಗೋಗೂ ಲಾಂಛನ.

ವಾಕುನ ಲೋಗೋ ಅಲ್ಲ. ಲೋಗೋದಲ್ಲಿ ಚಿತ್ರವೇ ಮುಖ್ಯ, ಗೆರೆ ಬದಲಾಗುವ ಹಾಗಿಲ್ಲ. ವಾಕುನದಲ್ಲಿ ಮಾತು ಮುಖ್ಯ. ಯಾವ ಬಣ್ಣದ ಮೇಲೆ ಏನಿದೆ ಅಂತ ಒಂದು ವಾಕ್ಯ ಇರುತ್ತದೆ. ಅದಕ್ಕೆ ತಕ್ಕಂತೆ ಯಾರು ಚಿತ್ರ ಬರೆದರೂ ಸರಿ, ಮೀನು ಸ್ವಲ್ಪ ದಪ್ಪಗಾದರೂ ಅದು ಇನಾರಿಯದೇ. ಬೆಳ್ಳಿ ಅಂದರೆ ಬಿಳಿ, ಚಿನ್ನ ಅಂದರೆ ಹಳದಿ ಬಳಿಯಬಹುದು. ಈ ವಾಕ್ಯಕ್ಕೆ ನನಗೆ ‘ಒಕ್ಕಣೆ’ ಅನ್ನೋದು ತುಂಬಾ ಹಿಡಿಸಿದೆ. ಪತ್ರದ ಒಕ್ಕಣೆ ಅನ್ನೋ ಹಾಗೆ, ಲಾಂಛನದ ಒಕ್ಕಣೆ.

ಗುರಾಣಿಯ ಬಣ್ಣಕ್ಕೆ ‘ಹಿನ್ನೆಲೆ’ ಅಂದರೆ ಸಪ್ಪೆ. ಅದೂ ಲಾಂಛನದ ಭಾಗವೇ ತಾನೇ? ಇಳಕಲ್ ಸೀರೆಗೆ ಒಡಲು, ದಡಿ, ಸೆರಗು ಇದ್ದ ಹಾಗೆ ಇಲ್ಲೂ ‘ಒಡಲು’ ಅನ್ನಬಹುದು ಅನ್ನಿಸುತ್ತದೆ. ಆಗ ಇನಾರಿಯ ಒಕ್ಕಣೆ ಹೀಗಾಗುತ್ತದೆ: ‘ಕರಿ ಒಡಲಲ್ಲಿ ಹೊನ್ನಿನ ಕವಲುಗೊಂಬಿನ ಬೆಳ್ಳಿ ಮೀನು’.

ಬರೀ ಕೊಂಬು ಅಂದರೆ ಓದುವವರ ಕಣ್ಣಿಗೆ ಎತ್ತಿನ ಕೊಂಬು ಬರುತ್ತದೆ. ಹಿಮಸಾರಂಗದ್ದು ಕವಲೊಡೆದು, ವರ್ಷಕ್ಕೊಮ್ಮೆ ಉದುರಿ ಮತ್ತೆ ಬೆಳೆಯುವಂಥದ್ದು. ಅದಕ್ಕೇ ‘ಕವಲುಗೊಂಬು’ ಅಂದೆ. ಕಡವೆ, ಜಿಂಕೆ ಕಂಡು ಬೆಳೆದ ಮಲೆನಾಡಿನವರಲ್ಲಿ ಇದಕ್ಕೆ ಬೇರೆ ಹೆಸರು ಇದೆಯಾ? ಶಾಸನ ಓದಿದವರು ಊರಿಗೆ, ನಾಡಿಗೆ ಅಥವಾ ವ್ಯಾಪಾರಿ ಸಂಘಕ್ಕೆ ಲಾಂಛನ ಇದ್ದ ಪ್ರಯೋಗ ಇದ್ದರೆ ಸಾಲಿನ ಸಮೇತ ತಿಳಿಸಿ. ಅರಸರದು ಮಾತ್ರ ಅಂತಾದರೆ ಈ ಊರಿನ ಗುರುತಿಗೆ ಬೇರೆ ಪದ ಹುಡುಕಬೇಕು.