ಬಿಪಿ ರೀಡಿಂಗ್ ಡಾಕ್ಟರಿಗೆ ಕಳಿಸುವ ಪೆಟ್ಟಿಗೆ: ದುಡ್ಡು ಎಲ್ಲಿ ಸಿಗುತ್ತದೆ?

ಮದ್ದೂರು ಹುಡುಗ:
ಅಮ್ಮನಿಗೆ ಬಿಪಿ, ಶುಗರ್ ಎರಡೂ ಇದೆ. ಬಸ್ ಹತ್ತಿ ಮಂಡ್ಯಕ್ಕೆ ಹೋಗಿ, ಅರ್ಧ ದಿನ ಕಾದು, ಎರಡು ನಿಮಿಷ ತೋರಿಸಿ ಬರುತ್ತಾರೆ. ಅದಕ್ಕೇ ನಾನೂ ಗೆಳೆಯನೂ ಸೇರಿ ಒಂದು ಪೆಟ್ಟಿಗೆ ಮಾಡಿದ್ದೇವೆ. ಬಿಪಿ ಮಿಷನ್‌ನಿಂದ ಬ್ಲೂಟೂತ್‌ನಲ್ಲಿ ರೀಡಿಂಗ್ ತಗೊಂಡು, ಸಿಮ್ ಮೂಲಕ ಡಾಕ್ಟರಿಗೆ ಕಳಿಸುತ್ತದೆ. ಅಮ್ಮ ಮೊಬೈಲ್ ಮುಟ್ಟಬೇಕಾಗೇ ಇಲ್ಲ. ಇನ್ನು ಊರಿನ ಇಪ್ಪತ್ತು ಮನೆಯಲ್ಲಿ ಇಟ್ಟು ನೋಡಬೇಕು. ಬ್ಯಾಂಕಿನವರು ಅಡಮಾನ ಕೇಳುತ್ತಾರೆ. ಇರುವುದು ಕಬ್ಬಿನ ಗದ್ದೆ ಒಂದೇ. ಅಪ್ಪ ಒಪ್ಪುವುದಿಲ್ಲ, ನನಗೂ ಮನಸ್ಸಿಲ್ಲ. ಬೇರೆ ದಾರಿ ಇದೆಯಾ?

ಸರಸ್ವತಿಪುರಂ:
ಗದ್ದೆ ಮುಟ್ಟಬೇಡಿ ಮಾರಾಯ್ರೇ! ಹೊಸ ಸಾಧನದ ಮೊದಲ ಮಾದರಿ (ಪ್ರೊಟೊಟೈಪ್) ತಯಾರಿಸಲು ಕೇಂದ್ರದ ನಿಧಿ-ಪ್ರಯಾಸ್ ಯೋಜನೆ ಇದೆ, 10 ಲಕ್ಷದವರೆಗೆ. ಅದು ಸಾಲ ಅಲ್ಲ, ಅನುದಾನ. ಬೈರಾಕ್ ಅಂತ ಕೇಂದ್ರದ್ದೇ ಜೈವಿಕ ತಂತ್ರಜ್ಞಾನ ಸಂಸ್ಥೆ ಇದೆ, ಅದರ ‘ಬಿಗ್’ ಅನುದಾನ ಯೋಜನೆಯಲ್ಲಿ 50 ಲಕ್ಷದವರೆಗೆ ಸಿಗುತ್ತದೆ, ಆದರೆ ಪೈಪೋಟಿ ಜಾಸ್ತಿ. ಸುಮ್ನೆ ಅರ್ಜಿ ಹಾಕುವ ಮುಂಚೆ ಹೊಸ ಉದ್ಯಮಗಳಿಗೆ ನೆರವಾಗುವ ಮೈಸೂರಿನ ಎಸ್‌ಜೆಸಿಇ-ಸ್ಟೆಪ್ ಕೇಂದ್ರಕ್ಕೆ ಹೋಗಿ ಮಾತಾಡಿ.

ನರ್ಸಮ್ಮ:
ದುಡ್ಡು ಆಮೇಲೆ ನೋಡೋಣಪ್ಪ. ರಾತ್ರಿ ಹನ್ನೊಂದಕ್ಕೆ 190/115 ಬಂದರೆ ನೋಡುವವರು ಯಾರು? ಡಾಕ್ಟರ್ ಮಲಗಿರುತ್ತಾರೆ. ಫೋನ್ ಮಾಡುವವರ ಸಂಬಳ ನಿಮ್ಮ ಲೆಕ್ಕದಲ್ಲಿ ಇದೆಯಾ? ಇಪ್ಪತ್ತು ಮನೆಯಲ್ಲಿ ಪರೀಕ್ಷೆ ಅಂದರೆ ಎಥಿಕ್ಸ್ ಕಮಿಟಿ (ಜನರ ಮೇಲಿನ ಪರೀಕ್ಷೆ ಸರಿಯಾಗಿದೆಯಾ ಅಂತ ನೋಡುವ ಸಮಿತಿ) ಒಪ್ಪಿಗೆಯೂ ಬೇಕು. ಬಿಪಿ ಮಿಷನ್ ಮಾತ್ರ ಲೈಸೆನ್ಸ್ ಇರುವುದನ್ನೇ ಬಳಸಿ. 2017ರ ವೈದ್ಯಕೀಯ ಸಾಧನ ನಿಯಮಗಳನ್ನು ಒಮ್ಮೆ ಓದಿ, ನಿಮ್ಮ ಪೆಟ್ಟಿಗೆಯೂ ಅದರೊಳಗೆ ಬರಬಹುದು.

ಮದ್ದೂರು ಹುಡುಗ:
ರಾತ್ರಿಯ ಪ್ರಶ್ನೆಗೆ ಉತ್ತರ ಇನ್ನೂ ಇಲ್ಲ ಅಕ್ಕಾ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳುತ್ತೇನೆ. ಅವರಿಗೂ ತಿಂಗಳಿಗೆ ಇಷ್ಟು ಅಂತ ಅರ್ಜಿಯಲ್ಲೇ ಬರೆಯಬೇಕು, ಅಲ್ವಾ?